ಕೊಕ್ಕೆ ತಾತನ ಯಾರ್ಡಿನ ಇಳಿಜಾರು

ಚಡ್ಡಿಯ ವಿಷಯವನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ನಾನು ಹೇಳದಿದ್ದರೆ ಬೇರೆ ಯಾರಾದರೂ ಹೇಳಿಯೇ ಹೇಳುತ್ತಾರೆ.

ನಮ್ಮೂರ ಸ್ಟೇಷನ್ನಿನ ಹಿಂದೆ ಒಂದು ಕಾಲಕ್ಕೆ ದೊಡ್ಡ ಗೂಡ್ಸ್ ಯಾರ್ಡ್ ಇತ್ತು. ಎಲ್ಲೆಲ್ಲಿಂದಲೋ ಬಂದ ಸರಕಿನ ವ್ಯಾಗನ್ನುಗಳನ್ನು ಬಿಡಿಸಿ, ಯಾವುದು ಎಲ್ಲಿಗೆ ಹೋಗಬೇಕೋ ಹಾಗೆ ವಿಂಗಡಿಸಿ, ಮತ್ತೆ ಪೋಣಿಸಿ ಕಳಿಸುವ ಜಾಗ. ನಾನು ಹುಟ್ಟುವ ಹೊತ್ತಿಗೆ ಹಳಿಗಳನ್ನೆಲ್ಲ ಕಿತ್ತು ಅಲ್ಲಿ ಬಸ್ಸು ನಿಲ್ಲಿಸತೊಡಗಿದ್ದರು. ನೋಡೇ ಇರದ ಕಾರಣಕ್ಕೆ ನನಗೆ ಆ ಯಾರ್ಡಿನ ಮೇಲೆ ವಿಪರೀತ ಪ್ರೀತಿ. ನೋಡಿದ್ದರೆ ಮೂಗು ಮುಚ್ಚಿಕೊಂಡು ದಾಟಿಹೋಗುತ್ತಿದ್ದೆನೇನೋ.

ನನ್ನ ಹೊಟ್ಟೆಪಾಡು ಒಂದು ಲಿಫ್ಟ್ ಕಂಪನಿಯಲ್ಲಿ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತಿದರೆ ಕರೆ ಬರುವುದು ನನಗೆ. "ಗಾಬರಿ ಆಗಬೇಡಿ, ನಮ್ಮ ಹುಡುಗರು ಆಗಲೇ ಹೊರಟಿದ್ದಾರೆ" ಎನ್ನುವುದು ನನ್ನ ಕೆಲಸ. ಹುಡುಗರು ಹೊರಟಿದ್ದಾರೋ, ಇನ್ನೂ ಟೀ ಕುಡಿಯುತ್ತಿದ್ದಾರೋ ದೇವರಿಗೇ ಗೊತ್ತು. ಇಡೀ ದಿನ ಅಲ್ಲಾಡದ ಪೆಟ್ಟಿಗೆಗಳ ಜೊತೆ ಮಾತಾಡಿ ಮನೆಗೆ ಬಂದವನಿಗೆ ಏನಾದರೂ ಓಡುವುದನ್ನು ನೋಡಬೇಕೆನಿಸುತ್ತದೆ. ಹಾಗಾಗಿ ಟ್ರೇನ್ ಸಿಮ್ಯುಲೇಟರ್ ಹಿಡಿದೆ. ಕಂಪ್ಯೂಟರಿನಲ್ಲಿ ರೈಲು ಓಡಿಸುವುದು, ಓಡಿಸಲು ಬೇಕಾದ ಹಳಿ, ಸ್ಟೇಷನ್, ಮರ, ಮಣ್ಣು ಎಲ್ಲವನ್ನೂ ನಾವೇ ಕಟ್ಟಿಕೊಳ್ಳುವುದು. ಅಮ್ಮ ಅದನ್ನು "ಆಟ" ಎನ್ನುತ್ತಾಳೆ. "ಆಟ ಅಲ್ಲಮ್ಮಾ, ಸಿಮ್ಯುಲೇಟರ್" ಎಂದು ನಾನು. "ಸರಿ, ಸಿಮ್ಯುಲೇಟರ್ ಆಡಿದ್ದು ಸಾಕು, ಊಟಕ್ಕೆ ಬಾ" ಎಂದು ಅವಳು.

ನಮ್ಮೂರ ಯಾರ್ಡನ್ನು ಅದರಲ್ಲಿ ಇದ್ದದ್ದು ಇದ್ದ ಹಾಗೆ ಕಟ್ಟಬೇಕು ಎಂದು ಹೊರಟೆ. ಕೈಗೆ ಸಿಕ್ಕಿದ್ದು ಒಂದೇ ಒಂದು ಒಳ್ಳೆಯ ಫೋಟೋ. ಅದರಲ್ಲಿ ಕಂಬವೊಂದರಿಂದ ಗೋಡೆಗೆ ತಂತಿ ಎಳೆದಿತ್ತು. ತಂತಿಯ ಮೇಲೆ ಮೂರು ಬಟ್ಟೆ: ಎರಡು ಬಿಳಿ, ಒಂದು ಪಟ್ಟೆಪಟ್ಟೆ. ನೋಡಿದ ತಕ್ಷಣ ನನ್ನ ಮೈ ಜುಂ ಎಂದಿತು. ಯಾವ ಪುಸ್ತಕದಲ್ಲೂ ಇಲ್ಲದ ಹಳೆಯ ಬಟ್ಟೆ ಸಿಗ್ನಲ್! ಕಂಡುಹಿಡಿದವನು ನಾನು! ವಾರಗಟ್ಟಲೆ ಕೂತು ಆ ಮೂರು ಬಟ್ಟೆಗಳನ್ನು ಗಾಳಿಗೆ ಹಾರಾಡುವಂತೆ ಮಾಡಿದೆ. ಸಿಮ್ಯುಲೇಟರ್ ಹುಚ್ಚರ ಗುಂಪಿನಲ್ಲಿ ಉದ್ದನೆಯ ಟಿಪ್ಪಣಿ ಬರೆದೆ. ಸಮುದ್ರದಾಚೆಯ ಯಾರೋ ಹಿರಿಯರೊಬ್ಬರು, ಎರಡು ಬಿಳಿ ಒಂದು ಪಟ್ಟೆ ಎಂದರೆ "ಮುಂದಿನ ಹಳಿ ತುಂಬಿದೆ" ಎಂದು ಅರ್ಥ ಹೇಳಿದರು. ಇನ್ನೊಬ್ಬರು ಅದನ್ನು ಒಪ್ಪದೆ "ನಿಧಾನ" ಎಂದರು. ಗುಂಪು ಇಬ್ಭಾಗವಾಯಿತು. ನಾನು ಮಧ್ಯದಲ್ಲಿ ಪಂಡಿತನಂತೆ ಕೂತು ಇಬ್ಬರಿಗೂ ಸಮಾಧಾನ ಹೇಳಿದೆ.

ಅಷ್ಟಕ್ಕೆ ಸುಮ್ಮನಿರದೆ ಅದನ್ನು ನಮ್ಮೂರಿನ ಹಳೇ ಫೋಟೋಗಳ ಗುಂಪಿನಲ್ಲೂ ಹಾಕಿದೆ. ಸಂಜೆಯೊಳಗೆ ಒಬ್ಬ ಹೆಂಗಸು ಉತ್ತರ ಬರೆದಿದ್ದರು.

"ಅದು ಸಿಗ್ನಲ್ ಅಲ್ಲ, ನಮ್ಮಪ್ಪನ ಚಡ್ಡಿ. ದಯವಿಟ್ಟು ತೆಗೆಯಿರಿ. ತೆಗೆಯಲ್ಲ ಅಂದರೆ ಸರಿಯಾಗಿಯಾದರೂ ಮಾಡಿ. ಪಟ್ಟೆ ಉದ್ದುದ್ದಕ್ಕೆ ಇತ್ತು, ಅಡ್ಡಕ್ಕಲ್ಲ."

ಕ್ಷಮೆ ಕೇಳಲು ಒಂದು ಡಜನ್ ಬಾಳೆಹಣ್ಣು ಹಿಡಿದು ಹೋದೆ. ಆಕೆಯ ಟೈಲರಿಂಗ್ ಅಂಗಡಿ ಆಗಿನ್ನೂ ಸಂದಿಯಲ್ಲಿತ್ತು. ಮುಂದೆ ಹೊಲಿಗೆ ಯಂತ್ರ, ಹಿಂದೆ ಒಂದು ಕೋಣೆ, ಅಡುಗೆಮನೆ. ಕತ್ತರಿಸುವ ಮೇಜಿನ ಪಕ್ಕದಲ್ಲಿ, ಬಟ್ಟೆ ಚೂರುಗಳ ಮೂಟೆಗೆ ಒರಗಿಕೊಂಡು ಒಬ್ಬ ಮುದುಕರು ಕೂತಿದ್ದರು. ತೆಳ್ಳಗೆ, ಉದ್ದಕ್ಕೆ, ಕತ್ತು ಮುಂದಕ್ಕೆ ಬಾಗಿ. ಹಣ್ಣು ನೋಡಿದರು, ನನ್ನನ್ನು ನೋಡಿದರು.

"ನೀನೇನಾ ನನ್ನ ಚಡ್ಡಿಗೆ ಅರ್ಥ ಹುಡುಕಿದವನು?"

"ತಪ್ಪಾಯ್ತು ತಾತ. ಇವತ್ತೇ ತೆಗೆದುಹಾಕ್ತೀನಿ."

"ಯಾಕೆ ತೆಗೀತೀಯ? ಇತ್ತಲ್ಲ ಅಲ್ಲಿ! ಇದ್ದದ್ದನ್ನ ತೆಗೆದರೆ ಅದು ನಮ್ಮ ಯಾರ್ಡ್ ಹೇಗಾಗುತ್ತೆ? ಪಟ್ಟೆ ಸರಿಮಾಡು, ಸಾಕು. ಹಾಸಿಗೆ ಬಟ್ಟೆ ಅದು. ಇವಳಮ್ಮ ಹೊಲಿದದ್ದು. ಏನು ಗಟ್ಟಿ ಅಂತೀಯ, ನಾಯಿ ಎಳೆದರೂ ಹರೀತಿರಲಿಲ್ಲ."

"ಅಪ್ಪಾ!" ಎಂದು ಯಂತ್ರದ ಹಿಂದಿನಿಂದ ಮಗಳು ಹಲ್ಲು ಕಚ್ಚಿದರು. ನಾನು ಅವರನ್ನು ಅಂದಿನಿಂದಲೇ ಅಕ್ಕ ಎಂದೆ. ಅವರು ನನ್ನನ್ನು ತಮ್ಮ ಎಂದರು. ತಾತ ನನ್ನ ಕೆಲಸ ಯಾವುದೆಂದು ಕೇಳಿ ತಿಳಿದುಕೊಂಡು "ಲಿಫ್ಟು" ಎಂದು ಕರೆಯತೊಡಗಿದರು. ಕೊನೆವರೆಗೂ ನನ್ನ ಹೆಸರು ಕೇಳಲೇ ಇಲ್ಲ.

ಅವರನ್ನು ಎಲ್ಲರೂ ಕೊಕ್ಕೆ ಎನ್ನುತ್ತಿದ್ದರು. ಮೀಸೆ ಬರುವ ವಯಸ್ಸಿಗೇ ಯಾರ್ಡ್ ಸೇರಿ, ವ್ಯಾಗನ್ನಿನ ಕೊಕ್ಕೆ ಬಿಡಿಸುವುದು ಸಿಕ್ಕಿಸುವುದು ಮಾಡುತ್ತಲೇ ತಲೆ ನರೆದವರು. ಹೆಸರು ಬಂದದ್ದು ಆ ಕೊಕ್ಕೆಯಿಂದ. ಆದರೆ ಅವರ ಜೊತೆ ಸ್ವಲ್ಪ ಹೊತ್ತು ಮಾತಾಡಿದವರಿಗೆ ಬೇರೊಂದು ಕಾರಣವೂ ಹೊಳೆಯದೆ ಇರದು. ಟೀ ತಂದುಕೊಟ್ಟರೆ ಲೋಟ ಸಣ್ಣದೆನ್ನುತ್ತಾರೆ. ದೊಡ್ಡ ಲೋಟದಲ್ಲಿ ತಂದರೆ ಆರಿಹೋಗಿದೆ ಎನ್ನುತ್ತಾರೆ. ವಿನಯ ಎಂಬುದು ಅವರ ಹತ್ತಿರ ಸುಳಿದದ್ದಿಲ್ಲ. "ನನ್ನಷ್ಟು ಚೆನ್ನಾಗಿ ಕೊಕ್ಕೆ ಬಿಡಿಸೋರು ಈ ಲೈನಲ್ಲೇ ಇರಲಿಲ್ಲ. ಬೇರೆ ಲೈನಿನದು ಗೊತ್ತಿಲ್ಲ, ಅಲ್ಲೂ ಇರಲಿಕ್ಕಿಲ್ಲ" ಎಂದು ಮೊದಲ ದಿನವೇ ಹೇಳಿದರು.

ಕೆಲಸ ಮಾತ್ರ ಕೇಳಿದರೆ ಬೆವರು ಬರುವಂಥದ್ದು. ಎಂಜಿನ್ನು ವ್ಯಾಗನ್ನುಗಳನ್ನು ಹಿಂದಿನಿಂದ ತಳ್ಳುತ್ತಾ ಬರುತ್ತದೆ. ಓಡುತ್ತಿರುವಾಗಲೇ ಇವರು ಪಕ್ಕದಲ್ಲಿ ಓಡಿ, ಉದ್ದನೆಯ ಕೋಲಿನಿಂದ ಕೊಕ್ಕೆ ಎಗರಿಸುತ್ತಾರೆ. ಎಂಜಿನ್ನು ನಿಲ್ಲುತ್ತದೆ. ಕಳಚಿದ ವ್ಯಾಗನ್ನು ಮಾತ್ರ ನಿಲ್ಲದೆ, ಇಳಿಜಾರಿನಲ್ಲಿ ತನ್ನಷ್ಟಕ್ಕೆ ಉರುಳಿಕೊಂಡು, ಗೂಡ್ಸ್ ಶೆಡ್ಡಿನ ಕಡೆಗಿರುವ ತನ್ನ ಹಳಿಗೆ ಹೋಗುತ್ತದೆ. "ಸಂಜೆ ದನ ಕೊಟ್ಟಿಗೆಗೆ ಹೋಗೋ ಹಾಗೆ. ಯಾರೂ ಎಳೀಬೇಕಿಲ್ಲ, ಯಾರೂ ಹೊಡೀಬೇಕಿಲ್ಲ" ಎಂದರು ತಾತ. ಅಲ್ಲಿ ಇನ್ನೊಬ್ಬ ಅದರ ಬ್ರೇಕಿನ ಹಿಡಿಗೆ ಜೋತುಬಿದ್ದು ನಿಲ್ಲಿಸುತ್ತಾನೆ. ನಿಲ್ಲದಿದ್ದರೆ ಚಕ್ರದ ಕೆಳಗೆ ಮರದ ಬೆಣೆ. ಮಾತು ಯಾರಿಗೂ ಕೇಳಿಸುವುದಿಲ್ಲ, ಎಲ್ಲ ಕೈಸನ್ನೆ. ಕೈ ಮೇಲೆತ್ತಿ ಬೀಸಿದರೆ ಬಾ, ಅಡ್ಡ ಚಾಚಿದರೆ ನಿಲ್ಲು, ಅಂಗೈ ಕೆಳಗೆ ಮಾಡಿ ಒತ್ತಿದರೆ ನಿಧಾನ. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಆ ಕೈ ಸುಮ್ಮನಿರಲಿಲ್ಲ. ಸಂದಿಯಲ್ಲಿ ಗಿರಾಕಿಗಳು ಸ್ಕೂಟರ್ ತಿರುಗಿಸುವಾಗ ತಾತ ಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಿದ್ದರು. ಅವರ ಸನ್ನೆ ನಂಬಿದ ಸ್ಕೂಟರುಗಳು ಎದುರು ಮನೆಯ ಗೋಡೆಯ ಮೇಲೆ ಗುರುತು ಬಿಟ್ಟಿವೆ. ಸ್ಕೂಟರಿಗೂ ವ್ಯಾಗನ್ನಿಗೂ ವ್ಯತ್ಯಾಸವಿದೆ ಎಂದು ಅವರು ಒಪ್ಪುತ್ತಿರಲಿಲ್ಲ.

ಆ ಕೈಯಲ್ಲಿ ಎರಡು ಬೆರಳು ಇರಲಿಲ್ಲ. ಎಡಗೈಯ ಕಿರುಬೆರಳು, ಅದರ ಪಕ್ಕದ್ದು. ಬುಡದಲ್ಲಿ ಮೊಂಡು ಮೊಂಡಾಗಿ ಒಂದಿಷ್ಟು ಉಳಿದಿತ್ತು. ಅದರ ಕಥೆಯನ್ನು ನಾನು ಬಾಳೆಹಣ್ಣು ಕೆಳಗಿಡುವ ಮೊದಲೇ ಕೇಳಿದ್ದೆ.

ಕಥೆ ಹೀಗೆ. ಯಾರ್ಡಿನ ಒಂದು ತುದಿಯಲ್ಲಿ ನೌಕರರ ಕ್ವಾರ್ಟರ್ಸ್, ಇನ್ನೊಂದು ತುದಿಯಲ್ಲಿ ಗೂಡ್ಸ್ ಶೆಡ್ಡು. ಒಂದು ದಿನ ಎಂಜಿನ್ನು ಕಳಚಿಕೊಂಡು ಹೋದ ಮೇಲೆ, ಕಲ್ಲು ತುಂಬಿದ ವ್ಯಾಗನ್ನೊಂದು ತಾನೇ ತಾನಾಗಿ ಕ್ವಾರ್ಟರ್ಸಿನ ಗೇಟಿನ ಕಡೆಗೆ ಉರುಳಿ ಹೊರಟಿತು. ಗೇಟಿನಲ್ಲಿ, ಹಳಿಯ ನಟ್ಟನಡುವೆ, ಗೊಂಬೆ ಹಿಡಿದು ನಿಂತಿದ್ದಳು ಇವರ ಪುಟ್ಟ ಮಗಳು. ತಾತ ಓಡಿ, ಬಿದ್ದು, ಎದ್ದು, ಬೆಣೆಯನ್ನು ಚಕ್ರದ ಕೆಳಗೆ ತುರುಕಿದರು. ವ್ಯಾಗನ್ನು ನಿಂತಿತು. ಎರಡು ಬೆರಳು ಹೋದವು.

"ಇವಳ ಮೂಗಿಗೂ ವ್ಯಾಗನ್ನಿನ ಬಫರಿಗೂ ಇಷ್ಟೇ ಇಷ್ಟು" ಎಂದು ತಾತ ಗೇಣು ತೋರಿಸುವಾಗ, ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ, ಮುಂದಿನ ಸಾಲು ತಾವೇ ಹೇಳಿದರು. "'ಅಳಬೇಡ ಮಗಳೇ, ಬೆರಳು ಇನ್ನೂ ಎಂಟಿವೆ' ಅಂದ್ರು."

"ಅಂದೆ! ಅಂದಿದ್ದೆ!"

ನನ್ನ ಕಣ್ಣು ತುಂಬಿ ಬಂದಿತ್ತು. ನಾನು ಯಾವುದನ್ನು ಬೇಕಾದರೂ ನಂಬುವವನೆಂದು ಚಡ್ಡಿ ಪ್ರಕರಣದಲ್ಲಿ ನೀವೇ ನೋಡಿದ್ದೀರಿ.

ಆಮೇಲೆ ಪ್ರತಿ ಭಾನುವಾರ ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೆ ಹೋಗುವುದು ರೂಢಿಯಾಯಿತು. ಕತ್ತರಿಸುವ ಮೇಜಿನ ಒಂದು ಮೂಲೆಯನ್ನು ಅಕ್ಕ ನಮಗೆ ಬಿಟ್ಟುಕೊಟ್ಟರು. ತಾತ ಕನ್ನಡಕವನ್ನು ಮೂಗಿನ ತುದಿಗಿಟ್ಟು ಪರದೆಯನ್ನು ಮೂಸುವಷ್ಟು ಹತ್ತಿರ ಬಂದು ಕೂರುತ್ತಿದ್ದರು. ಹಳಿ ಬದಲಿಸುವ ಲಿವರು ಇಷ್ಟೆತ್ತರ ಇರಲಿಲ್ಲ. ಆ ಗೋಡೆ ಸುಣ್ಣ ಕಂಡದ್ದೇ ಇಲ್ಲ, ಅಷ್ಟು ಬೆಳ್ಳಗೆ ಮಾಡಬೇಡ. ಅಲ್ಲಿ ನಾಯಿಗಳಿದ್ದವು. ನಾಯಿ ಹಾಕಿದೆ. ಸಿಮ್ಯುಲೇಟರಿನಲ್ಲಿ ಇದ್ದದ್ದು ಒಂದೇ ಜಾತಿಯ ನಾಯಿ, ಉದ್ದ ಕೂದಲಿನದು, ಸ್ನಾನ ಮಾಡಿಸಿ ಬಾಚಿದಂತಿತ್ತು.

"ಇದ್ಯಾವುದೋ ಸಾಹೇಬರ ನಾಯಿ. ನಮ್ಮ ಯಾರ್ಡಿಗೆ ಬಂದಿದ್ರೆ ನಮ್ಮವು ಎದ್ದು ನಿಂತು ಸಲಾಂ ಹೊಡೀತಿದ್ವು."

ಕೆಲಸ ಮುಂದುವರಿದಂತೆ ನನಗೆ ಗೊತ್ತಾದದ್ದು, ತಾತನಿಗೆ ಎಲ್ಲವೂ ಬೇಕು. ಮುರಿದ ಬೆಂಚು ಬೇಕು, ಚಡ್ಡಿ ಬೇಕು, ಗೋಡೆಯ ಮೇಲೆ ಯಾರೋ ಬರೆದ ಬೈಗುಳವೂ ಬೇಕು. ಒಂದೇ ಒಂದು ಬೇಡವಾಗಿತ್ತು. ಫೋಟೋದ ಅಂಚಿನಲ್ಲಿ, ಗೋಡೆಗೆ ಅಂಟಿಕೊಂಡು ತಗಡಿನ ಚಾವಣಿಯ ಪುಟ್ಟ ಗೂಡೊಂದು ಅರ್ಧ ಕಾಣುತ್ತಿತ್ತು.

"ಇದೇನು ತಾತ?"

"ಯಾವುದು? ಅದಾ? ಅದೇನಿಲ್ಲ. ಬಿಡು."

"ಬಾಗಿಲು ಇರೋ ಹಾಗಿದೆ..."

"ಏನಿಲ್ಲ ಅಂದ್ನಲ್ಲ ಲಿಫ್ಟು. ಮುಂದಕ್ಕೆ ನಡಿ."

ಬಿಟ್ಟೆ. ಹಿರಿಯರ ಮಾತು.

ಈ ನಡುವೆ ಮನೆಯಲ್ಲಿ ಬೇರೊಂದು ಜಗ್ಗಾಟ ನಡೆದಿತ್ತು. ಸಂದಿಗೆ ಗಿರಾಕಿಗಳು ಬರುವುದು ಕಡಿಮೆಯಾಗಿತ್ತು. ಮೇನ್ ರೋಡಿನಲ್ಲಿ ಅಕ್ಕನಿಗೆ ಒಂದು ಜಾಗ ಗೊತ್ತಾಗಿತ್ತು. ಕೆಳಗೆ ಅಂಗಡಿ, ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ, ಹತ್ತಲು ಲಿಫ್ಟು. ಆ ಲಿಫ್ಟು ನಮ್ಮ ಕಂಪನಿಯದೇ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ, ಅಕ್ಕನ ಉತ್ಸಾಹಕ್ಕೆ ತಣ್ಣೀರು ಎರಚಬಾರದಲ್ಲ. ಮಾಲೀಕರು ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಿ ಎಂದಿದ್ದರು. ತಾತ ಊಹೂಂ.

"ಆ ಡಬ್ಬಿಯೊಳಗೆ ನಿಂತು ಮೇಲೆ ಹೋಗೋಕೆ ನಾನೇನು ಮೂಟೆನಾ? ನಾನು ಬರಲ್ಲ."

"ಅಪ್ಪಾ, ಇಲ್ಲಿ ಕೂತ್ರೆ ತಿಂಗಳು ತಳ್ಳೋದೇ ಕಷ್ಟ ಆಗ್ತಿದೆ..."

ತಾತ ಎಡಗೈ ಎತ್ತಿದರು. ಅಷ್ಟೇ. ಮೂರು ಬೆರಳು, ಎರಡು ಮೊಂಡು. ಅಕ್ಕನ ಬಾಯಿ ಅಲ್ಲಿಗೇ ಬಂದ್. ಅವರು ಯಂತ್ರಕ್ಕೆ ಮರಳಿ, ಕಾಲಿನಿಂದ ಅದನ್ನು ಹೊಡೆಯುವಂತೆ ತುಳಿದರು.

ತಾತ ಬಚ್ಚಲಿಗೆ ಹೋದಾಗ ಅಕ್ಕ ನನ್ನ ಹತ್ತಿರ ಹೇಳಿದರು. "ಚಿಕ್ಕವಳಿದ್ದಾಗಿಂದ ಇದೇ ತಮ್ಮ. ಬಟ್ಟೆ ವಿನ್ಯಾಸ ಕಲಿಯೋಕೆ ಬೇರೆ ಊರಲ್ಲಿ ಸೀಟು ಸಿಕ್ಕಿತ್ತು, ಕೈ ಎತ್ತಿದರು. ಒಂದು ಒಳ್ಳೆ ಸಂಬಂಧ ಬಂದಿತ್ತು, ಹುಡುಗ ದೂರದವನು, ಕೈ ಎತ್ತಿದರು. ಅಮ್ಮ ಹೋದ ಮೇಲೆ ನನ್ನ ಸಾಕಿದ್ದು ಅವರೇ, ಇಲ್ಲ ಅನ್ನಲ್ಲ. ಜಡೆ ಹಾಕಿದ್ದಾರೆ, ಹುಷಾರಿಲ್ಲದಾಗ ಹಣೆ ಮೇಲೆ ಕೈಯಿಟ್ಟು ಕೂತಿದ್ದಾರೆ. ಆದರೆ ನಾನು ಬದುಕಿರೋದೇ ಆ ಎರಡು ಬೆರಳಿನ ದಯೆಯಿಂದ ಅಂದ ಮೇಲೆ ಅವರ ಹತ್ರ ವಾದ ಮಾಡೋಕಾಗುತ್ತಾ?"

ಆಗುವುದಿಲ್ಲ ಎಂದು ನಾನೂ ತಲೆಯಾಡಿಸಿದೆ. ಅಷ್ಟೇ ಅಲ್ಲ, ಅವರಿಬ್ಬರನ್ನೂ ಖುಷಿಪಡಿಸಲು ಒಂದು ಘನಕಾರ್ಯ ಮಾಡಬೇಕೆಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ.

ಯಾರ್ಡು ಹೆಚ್ಚುಕಡಿಮೆ ಮುಗಿದಿತ್ತು. ನೆಲದ ಏರಿಳಿತವನ್ನು ಮಾತ್ರ ಕೂರಿಸಬೇಕಿತ್ತು. ಅದಕ್ಕೆ ನನಗೆ ಆಧಾರ ಸಿಕ್ಕಿದ್ದು ತಾತ ನಗುನಗುತ್ತಾ ಹೇಳಿದ ಒಂದು ಮಾತಿನಿಂದ. ಮಳೆ ಬಂದರೆ ಇಡೀ ಯಾರ್ಡಿನ ನೀರು ಹರಿದು ಗೂಡ್ಸ್ ಶೆಡ್ಡಿನ ಮುಂದೆ ಕೆರೆಯಾಗುತ್ತಿತ್ತಂತೆ. ಶೆಡ್ಡಿನ ಗುಮಾಸ್ತರು ಹಲಗೆಯ ಮೇಲೆ ನಿಂತು ಮೂಟೆ ಎಣಿಸುತ್ತಿದ್ದರಂತೆ. ಸರಿ, ನೆಲವನ್ನು ಆ ಕಡೆಗೆ ವಾಲಿಸಿದೆ. ಕಳಚಿದ ವ್ಯಾಗನ್ನುಗಳು ಕ್ವಾರ್ಟರ್ಸ್ ತುದಿಯಿಂದ ಶೆಡ್ಡಿನ ಕಡೆಗೆ ಎಷ್ಟು ಚೆನ್ನಾಗಿ ಉರುಳಿದವೆಂದರೆ, ನಾನೊಬ್ಬನೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿದೆ.

ಇನ್ನು ಘನಕಾರ್ಯ. ತಾತ ಮಗಳನ್ನು ಉಳಿಸಿದ ಆ ಕ್ಷಣವನ್ನೇ ಕಣ್ಣಿಗೆ ಕಟ್ಟುವಂತೆ ಮಾಡಿಬಿಡೋಣ! ಕಲ್ಲು ತುಂಬಿದ ವ್ಯಾಗನ್ನು ತಂದು ಹಳಿಯ ಮೇಲೆ ನಿಲ್ಲಿಸಿದೆ. ಗೇಟಿನಲ್ಲಿ ಪುಟ್ಟ ಹುಡುಗಿಯನ್ನು ನಿಲ್ಲಿಸಿದೆ. ಸಿಮ್ಯುಲೇಟರಿನಲ್ಲಿ ಸಿಕ್ಕಿದ ಹುಡುಗಿಗೆ ಹಳದಿ ಕೂದಲು, ಏನು ಮಾಡುವುದು. ಬ್ರೇಕು ಸಡಿಲಿಸಿದೆ.

ವ್ಯಾಗನ್ನು ಹುಡುಗಿಗೆ ಬೆನ್ನು ತಿರುಗಿಸಿ ಗೂಡ್ಸ್ ಶೆಡ್ಡಿನ ಕಡೆಗೆ ಹೊರಟುಹೋಯಿತು.

ನನ್ನದೇ ತಪ್ಪಿರಬೇಕೆಂದುಕೊಂಡೆ. ಇಷ್ಟು ವರ್ಷದ ಅನುಭವದಲ್ಲಿ ಅದೇ ಸುರಕ್ಷಿತ ಊಹೆ. ವ್ಯಾಗನ್ನು ಬದಲಿಸಿದೆ. ಕಲ್ಲು ಕಡಿಮೆ ಮಾಡಿದೆ. ಹಳಿ ಕಿತ್ತು ಮತ್ತೆ ಹಾಸಿದೆ. ಪ್ರತಿ ಸಲವೂ ಅದು ದನ ಕೊಟ್ಟಿಗೆಗೆ ಹೋದಂತೆ ಶೆಡ್ಡಿಗೇ ಹೋಗಿ ಮೆಲ್ಲಗೆ ಹಣೆ ಒತ್ತಿ ನಿಲ್ಲುತ್ತಿತ್ತು. ಹಿಂದೆ ನಿಂತು ನೋಡುತ್ತಿದ್ದ ಅಮ್ಮ, "ನೀನು ಕೈಯಿಟ್ಟದ್ದು ಯಾವುದು ನೆಟ್ಟಗೆ ಹೋಗಿದೆ?" ಎಂದು ಒಳಗೆ ಹೋದಳು.

ಬುದ್ಧಿ ಇದ್ದವನು ಅಷ್ಟಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನಾಗುತ್ತಿದ್ದ. ನಾನು ಮುಂದಿನ ಭಾನುವಾರ ಹೋಗಿ ತಾತನಿಗೇ ಒಪ್ಪಿಸಿದೆ. ಪುಣ್ಯಕ್ಕೆ ಅಕ್ಕ ಗುಂಡಿ ತರಲು ಹೊರಗೆ ಹೋಗಿದ್ದರು.

"ತಾತ, ಒಂದು ತೊಂದರೆ. ನಿಮ್ಮ ವ್ಯಾಗನ್ನು ಗೇಟಿನ ಕಡೆ ಬರ್ತಾನೇ ಇಲ್ಲ."

ತಾತ ನೋಡಿದರು. ಇನ್ನೊಂದು ಸಲ ಉರುಳಿಸು ಎಂದರು. ಉರುಳಿಸಿದೆ.

"ನಿನ್ನ ಕಂಪ್ಯೂಟರಿಗೆ ತಲೆ ಕೆಟ್ಟಿದೆ."

"ಇಳಿಜಾರೇ ಆ ಕಡೆಗಲ್ವಾ ತಾತ? ನೀರು ಶೆಡ್ಡಿನ ಹತ್ರ ನಿಲ್ತಿತ್ತು ಅಂತ ನೀವೇ..."

"ನಿಲ್ತಿತ್ತು. ಈ ಕಡೆನೂ ನಿಲ್ತಿತ್ತು."

"ಎರಡೂ ಕಡೆ ಹೇಗೆ ತಾತ?"

"ಪೈಪ್ ಒಡೆದಿತ್ತು."

ತಾತ ಮೂಟೆಯಿಂದ ಒಂದು ಬಟ್ಟೆ ಚೂರು ಎಳೆದು, ದಾರ ದಾರವಾಗಿ ಬಿಡಿಸುತ್ತಾ ಕೂತರು. ಅವರ ಕತ್ತು ಇನ್ನಷ್ಟು ಮುಂದಕ್ಕೆ ಬಾಗಿತ್ತು. ಕೊನೆಗೆ ನನ್ನ ಕಡೆ ನೋಡದೆ ಅಂಗೈ ಕೆಳಗೆ ಮಾಡಿ ಗಾಳಿಯನ್ನು ಒತ್ತಿದರು. ನಿಧಾನ, ನಿಧಾನ.

"ಲಿಫ್ಟು. ನೆಲಾನ ಈ ಕಡೆಗೆ ಒಂಚೂರು ವಾಲಿಸೋಕೆ ಬರುತ್ತಾ?"

ನನಗೆ ಆಗ ಅರ್ಥವಾಯಿತು. ಎಷ್ಟು ತಡವಾಗಿ ಎಂದು ಕೇಳಬೇಡಿ. ಕಳಚಿದ ವ್ಯಾಗನ್ನೆಲ್ಲ ಶೆಡ್ಡಿನ ಕಡೆಗೇ ಉರುಳುತ್ತಿತ್ತು ಎಂದು ಅವರೇ ಮೊದಲ ದಿನ ಹೇಳಿದ್ದರು. ಅದೇ ಬಾಯಲ್ಲಿ ಗೇಟಿನ ಕಡೆ ಉರುಳಿದ ಕಥೆಯನ್ನೂ ಹೇಳಿದ್ದರು. ಎರಡನ್ನೂ ಕೇಳಿ ಕಣ್ಣೊರೆಸಿಕೊಂಡವನು ನಾನು.

ಯಾರ್ಡಿನ ನಿಖರತೆಗಾಗಿ ಚಡ್ಡಿಯ ಪಟ್ಟೆಯನ್ನೂ ಅಡ್ಡದಿಂದ ಉದ್ದಕ್ಕೆ ತಿದ್ದಿದ್ದ ನಾನು, ಈಗ ಎದ್ದು ನಿಂತು "ಸಾಧ್ಯವಿಲ್ಲ ತಾತ, ಸತ್ಯ ಸತ್ಯವೇ" ಎನ್ನಬೇಕಿತ್ತು. ಎನ್ನಲಿಲ್ಲ. ಮೌಸ್ ಹಿಡಿದು ಇಡೀ ನೆಲವನ್ನು ಅತ್ತಲಿಂದ ಇತ್ತ ವಾಲಿಸಿದೆ. ಒಂದು ಬೆರಳಿನ ಕೆಲಸ. ಕದ್ದುಮುಚ್ಚಿ ಹಳೆಯದನ್ನೂ ಒಂದು ಪ್ರತಿ ಇಟ್ಟುಕೊಂಡೆ, ಅಷ್ಟೇ ನನ್ನ ಧೈರ್ಯ. ಈಗ ವ್ಯಾಗನ್ನು ನೇರವಾಗಿ ಹಳದಿ ಕೂದಲಿನ ಹುಡುಗಿಯ ಮೇಲೆ ಬಂತು. ತಾತ ಮುಖ ಪಕ್ಕಕ್ಕೆ ತಿರುಗಿಸಿ "ಹೂಂ" ಎಂದರು. ಬೆನ್ನು ತಟ್ಟಲಿಲ್ಲ.

ತಿಂಗಳ ಕೊನೆಯ ಭಾನುವಾರ ನಾನು ಹೋದಾಗ ಅಂಗಡಿಯಲ್ಲಿ ಒಬ್ಬ ಪೋಸ್ಟ್‌ಮನ್ ಕೂತಿದ್ದರು. ಪ್ಯಾಂಟಿನ ಕಾಲು ಮಡಿಸಿ ಹೊಲಿಸಿಕೊಳ್ಳಲು ಬಂದವರು. ಅಕ್ಕ ಅದನ್ನು ಹೊಲಿಯುತ್ತಾ ನನ್ನನ್ನು ಕರೆದರು.

"ಬಾ ತಮ್ಮ. ಇವತ್ತು ಆ ವ್ಯಾಗನ್ ಉರುಳಿಸಿ ತೋರಿಸು. ಹುಟ್ಟಿದಾಗಿಂದ ಕೇಳಿದ್ದೀನಿ, ಕಣ್ಣಾರೆ ನೋಡಿದ ನೆನಪಿಲ್ಲ. ನೋಡಿಬಿಡ್ತೀನಿ. ನೋಡಿ, ಆಮೇಲೆ ಆ ಮೇನ್ ರೋಡಿನ ಮಾಲೀಕರಿಗೆ ಫೋನ್ ಮಾಡಿ ಬೇಡ ಅಂದುಬಿಡ್ತೀನಿ. ಮನಸ್ಸಿಗೆ ಸಮಾಧಾನವಾದರೂ ಇರುತ್ತೆ."

ಫೋನು ಯಂತ್ರದ ಪಕ್ಕದಲ್ಲಿ, ಸೂಜಿ ಡಬ್ಬಿಯ ಮೇಲೆ ಸಿದ್ಧವಾಗಿತ್ತು.

ನಾನು ತಾತನನ್ನು ನೋಡಿದೆ. ಅವರು ಎಂದಿನಂತೆ ಗತ್ತಿನಿಂದ ಕೂತಿದ್ದರು. ಆದರೆ ಎಡಗೈ ಬಟ್ಟೆ ಮೂಟೆಯೊಳಗೆ ಹುದುಗಿತ್ತು. "ಮೊದಲು ಯಾರ್ಡ್ ಕೆಲಸ ಹೇಗಿತ್ತು ಅಂತ ಇವರಿಗೆ ತೋರಿಸು" ಎಂದು ಪೋಸ್ಟ್‌ಮನ್ ಕಡೆ ಗಲ್ಲ ಆಡಿಸಿದರು. ಸ್ವಲ್ಪ ಹೊತ್ತು ತಳ್ಳಲು ನೋಡುತ್ತಿದ್ದಾರೆ ಎಂದು ನನಗನ್ನಿಸಿತು. ಇಬ್ಬರೂ ಹೆದರಿದ್ದೆವು. ಹಾಗಾಗಿ ಇಬ್ಬರಿಗೂ ಹೊಳೆಯಲಿಲ್ಲ, ಅದೇ ದೊಡ್ಡ ಎಡವಟ್ಟು ಎಂದು.

ವಾಲಿಸಿದ ಯಾರ್ಡನ್ನು ತೆರೆದೆ. ಎಂಜಿನ್ನು ವ್ಯಾಗನ್ನುಗಳನ್ನು ತಳ್ಳಿಕೊಂಡು ಬಂತು. ಕೊಕ್ಕೆ ಬಿಡಿಸಿದೆ. ಎಂಜಿನ್ನು ನಿಂತಿತು. ಕಳಚಿದ ವ್ಯಾಗನ್ನು ಮುಂದಕ್ಕೆ ಒಂದಿಷ್ಟು ದೂರ ಹೋಯಿತು, ಯೋಚನೆ ಮಾಡುವಂತೆ ನಿಂತಿತು, ಹಿಂದಕ್ಕೆ ಉರುಳಿ ಬಂದು ಎಂಜಿನ್ನಿಗೆ ಢಿಕ್ಕಿ ಹೊಡೆಯಿತು. ಇನ್ನೊಂದನ್ನು ಬಿಟ್ಟೆ. ಅದೂ ವಾಪಸ್ ಬಂತು.

ಪೋಸ್ಟ್‌ಮನ್ ಗೊಳ್ಳೆಂದು ನಕ್ಕರು. "ಏನ್ ಯಜಮಾನ್ರೇ, ವಿಳಾಸ ತಪ್ಪಿ ವಾಪಸ್ ಬಂದ ಕಾಗದದ ಹಾಗಿದೆ! ಜೀವಮಾನ ಪೂರ್ತಿ ಇದನ್ನೇ ಮಾಡಿದ್ರಾ? ದಿಬ್ಬಕ್ಕೆ ತಳ್ಳೋದು, ಅದು ಬಂದು ಮುಖಕ್ಕೆ ಹೊಡೆಯೋದು?"

ತಾತನ ಕಿವಿ ಕೆಂಪಾಯಿತು. ನಾನು ಕಣ್ಣಲ್ಲೇ ಬೇಡ ಬೇಡ ಎಂದೆ. ಅವರು ನನ್ನ ಕಣ್ಣು ನೋಡುವ ಸ್ಥಿತಿಯಲ್ಲಿರಲಿಲ್ಲ.

"ನಮ್ಮ ಯಾರ್ಡ್ ಹೀಗಿರಲಿಲ್ಲ ಕಣ್ರೀ!"

"ಇದೇ ಅಲ್ವಾ ನಿಮ್ಮ ಯಾರ್ಡು? ನೀವೇ ಹೇಳಿ ಮಾಡಿಸಿದ್ದು ಅಂತ ನಿಮ್ಮ ಮಗಳು ಹೇಳಿದ್ರು."

"ಅಲ್ಲ! ಹಿಂದಕ್ಕೆ ಉರುಳೋ ಯಾರ್ಡಲ್ಲಿ ಇಷ್ಟು ವರ್ಷ ನಾನೇನು ಕತ್ತೆ ಕಾಯ್ತಿದ್ನಾ? ನಾನು ಬಿಡಿಸಿದ ವ್ಯಾಗನ್ ಒಂದಾದ್ರೂ ಹಿಂದೆ ತಿರುಗಿ ನೋಡಿದ್ರೆ ಕೇಳಿ! ಲಿಫ್ಟು, ಮೊದಲಿಂದು ಹಾಕು."

"ಮೊದಲಿಂದು ಅಂದ್ರೆ?" ಅಕ್ಕನ ಕಾಲು ಯಂತ್ರದ ಮೇಲೆ ನಿಂತಿತು. "ಎಷ್ಟು ಇದಾವೆ ತಮ್ಮ?"

"ಗಾಬರಿ ಆಗಬೇಡಿ ಅಕ್ಕ" ಎಂದೆ. ಸಂಬಳಕ್ಕೆ ಹೇಳಿ ಹೇಳಿ ರೂಢಿಯಾದ ಮಾತು.

"ತಾತ, ಬೇಡ" ಎಂದು ಮೆಲ್ಲಗೆ ಅಂದೆ. "ಇದೇ ಇರಲಿ."

"ಹಾಕು ಅಂದ್ನಲ್ಲ."

ಹಾಕಿದೆ. ಎಂಜಿನ್ನು ತಳ್ಳಿತು, ಕೊಕ್ಕೆ ಬಿಟ್ಟಿತು, ವ್ಯಾಗನ್ನು ತನ್ನಷ್ಟಕ್ಕೆ ಇಳಿದು ಹೊರಟಿತು. ಒಂದಾದ ಮೇಲೊಂದು, ಕವಲಿನಲ್ಲಿ ಅತ್ತ ಇತ್ತ ತಿರುಗಿ, ತಮ್ಮ ತಮ್ಮ ಹಳಿಗೆ ಹೋಗಿ ನಿಂತವು. ತಾತ ಎದ್ದು ನಿಂತಿದ್ದರು. ಬಲಗೈಯಲ್ಲಿ ಇಲ್ಲದ ಕೋಲು ಹಿಡಿದು ಒಂದೊಂದಕ್ಕೂ ಕೊಕ್ಕೆ ಎಗರಿಸುತ್ತಿದ್ದರು. "ಹಾಂ... ಹಾಂ... ಹೋಗು ತಾಯಿ... ಹಾಂ!" ಪೋಸ್ಟ್‌ಮನ್ ನಗು ನಿಲ್ಲಿಸಿ, ಒಂದೇ ಕಾಲು ಹೊಲಿದಿದ್ದ ಪ್ಯಾಂಟಿಗೆ ಕಾಯುವುದನ್ನೂ ಮರೆತು ಬಾಯಿ ತೆರೆದು ನೋಡಿದರು. ಅಷ್ಟು ಚೆಲುವಾದ ಮುದುಕರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಈಗ ಆ ವ್ಯಾಗನ್" ಎಂದರು ಅಕ್ಕ.

ನಾನು ವಿದ್ಯುತ್ತು ಹೋಗಲಿ ಎಂದು ಬೇಡಿಕೊಂಡೆ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುತ್ತದೆ ಎಂಬುದು ಆಮೇಲೆ ನೆನಪಾಯಿತು. ತಾತನ ಮುಖದಿಂದ ಬೆಳಕು ಮೆಲ್ಲಗೆ ಇಳಿಯಿತು. ಪರದೆಯನ್ನು ನೋಡಿದರು, ಮಗಳನ್ನು ನೋಡಿದರು. ಆಕೆಯ ಪಕ್ಕದ ಫೋನನ್ನು ನೋಡಿದರು. ಆಮೇಲೆ ಕೈ ಮೇಲೆತ್ತಿ ನನಗೆ ಬೀಸಿದರು. ಬಾ.

ಬ್ರೇಕು ಸಡಿಲಿಸಿದೆ. ಕಲ್ಲು ತುಂಬಿದ ವ್ಯಾಗನ್ನು ಒಮ್ಮೆ ನಡುಗಿ, ಗೇಟಿಗೆ ಬೆನ್ನು ಮಾಡಿ, ದೂರ ದೂರ ಉರುಳಿಹೋಗಿ ಶೆಡ್ಡಿಗೆ ಹಣೆ ಒತ್ತಿ ನಿಂತಿತು. ಈ ತುದಿಯಲ್ಲಿ ಹಳದಿ ಕೂದಲಿನ ಹುಡುಗಿ ಗಾಳಿ ಸವಿಯುತ್ತಾ ಆರಾಮಾಗಿ ನಿಂತಿದ್ದಳು. ಅವಳ ಪಕ್ಕದಲ್ಲಿ ಮೂರು ಚಡ್ಡಿ ಹಾರಾಡುತ್ತಿದ್ದವು.

ಅಕ್ಕ ಪರದೆಯನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಪ್ಯಾಂಟು ಜಾರಿ ಕೆಳಗೆ ಬಿತ್ತು. ಪೋಸ್ಟ್‌ಮನ್ ಅದನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತರು, ಒಳ್ಳೆಯ ಮನುಷ್ಯ. ತಾತನ ಎಡಗೈ ಅಭ್ಯಾಸಬಲದಿಂದ ಮೇಲೇಳತೊಡಗಿತು. ಎದೆಯವರೆಗೆ ಬಂದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು.

"ಅಪ್ಪಾ" ಎಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಹಾಗಾದ್ರೆ ಈ ಬೆರಳು ಹೋಗಿದ್ದೆಲ್ಲಿ?"

ತಾತ ಕೈಯನ್ನೊಮ್ಮೆ ನೋಡಿಕೊಂಡರು. ಮುಂದೆ ಬಾಗಿ, ಉಳಿದ ಬೆರಳಿನಿಂದ ಪರದೆಯ ಒಂದು ಮೂಲೆಯನ್ನು, ನಾನು ತಗಡಿನ ಗೂಡು ಹಾಕದೆ ಬಿಟ್ಟಿದ್ದ ಗೋಡೆಯ ಬುಡದ ಖಾಲಿ ಜಾಗವನ್ನು ಕುಕ್ಕಿದರು.

"ಕಕ್ಕಸಿನ ಬಾಗಿಲಲ್ಲಿ. ಇವನು ಅದನ್ನ ಹಾಕೇ ಇಲ್ಲ ನೋಡು."